ಅರ್ಧ ಗುಳಿಗೆಯ ಕಾಗದ

೧೯೯೮ರ ಡಿಸೆಂಬರಿನ ಒಂದು ಮುಂಜಾನೆ ಗೋಕಾಕದ ನಮ್ಮ ಮನೆಗೆ ಫೋನು ಬಂತು. ಹುಕ್ಕೇರಿಯಲ್ಲಿದ್ದ ನನ್ನ ತಂಗಿ ಚಂಪಾಬಾಯಿ ಸಂಕೇಶ್ವರದ ದವಾಖಾನೆಯಲ್ಲಿ ತೀರಿಕೊಂಡಿದ್ದಳು. ಮೈ ತಣ್ಣಗಾಗಿ, ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದಳೆಂದು ಅವಳ ಮಗ ಜಿನೇಂದ್ರ ಹೇಳಿದ.

ಅವಳ ಥೈರಾಯ್ಡ್ ಗ್ರಂಥಿ ಸೋತಿತ್ತು. ದಿನಾ ಬೆಳಗ್ಗೆ ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಬೇಕಿತ್ತು. ಆದರೆ ಬಸದಿಗೆ ಹೋಗಿ ದರ್ಶನ ಮಾಡದೆ ಹನಿ ನೀರೂ ಮುಟ್ಟದ ನೇಮ ಅವಳದು. ಗುಳಿಗೆ ಶುರುವಾದಾಗ ನನ್ನನ್ನು ಕೇಳಿದ್ದಳು:

"ಅಣ್ಣಾ, ಗುಳಿಗಿ ಮೊದಲ ತಗೊಂಡರ ನೇಮ ಮುರಿದಂಗ ಆಕ್ಕೈತೇನು?"

"ಆಕ್ಕೈತಿ. ಬಸದಿಯಿಂದ ಬಂದು ಹಾಲಿನ ಕೂಡ ತಗೋ" ಎಂದೆ. ನಾನು ಸಾಲಿ ಮಾಸ್ತರನಾಗಿದ್ದವನು. ನನ್ನ ಮಾತು ಅವಳಿಗೆ ಶಾಸ್ತ್ರ.

೧೯೯೮ರ ಶ್ರಾವಣದಲ್ಲಿ ರಕ್ತಪರೀಕ್ಷೆಯ ವರದಿಯನ್ನು ಓದಿ ಹೇಳೆಂದು ಅಂಚೆಯಲ್ಲಿ ಕಳಿಸಿದಳು. ಐದರೊಳಗೆ ಇರಬೇಕಾದ ಟಿ.ಎಸ್.ಎಚ್. ಎಂಬ ಅಂಕಿ ಮೂವತ್ತೆಂಟಕ್ಕೆ ಏರಿತ್ತು. ಔಷಧ ಮೈಯಲ್ಲಿ ಮಿತಿಮೀರಿದೆ ಎಂದು ತಿಳಿದೆ. 'ಔಷಧಕ್ಕೂ ಪರಿಮಾಣ ಬೇಕು, ಗುಳಿಗೆ ಅರ್ಧ ಮಾಡು' ಎಂದು ಬರೆದೆ. ಡಾಕ್ಟರನ್ನು ಕೇಳಲಿಲ್ಲ. ಮುಂದೆ ಅವಳ ಮುಖ ಬಾತು, ಮಾತು ನಿಧಾನವಾದಾಗ ವಯಸ್ಸೆಂದುಕೊಂಡೆ.

ಮೂರನೆಯ ದಿನ ಹುಕ್ಕೇರಿಯ ಪಡಸಾಲೆಯಲ್ಲಿ ಬೀಗರು ಕೂತಿದ್ದರು. ಮಾತಾಡಿಸಲು ಬಂದ ಊರ ಡಾಕ್ಟರು, ಗುಳಿಗೆ ಹಾಲಿನ ಕೂಡ ಹೋಗುತ್ತಿತ್ತೆಂದು ಜಿನೇಂದ್ರನಿಂದ ಕೇಳಿ, ಡಬ್ಬಿಯೊಳಗಿನ ಅರ್ಧ ತುಂಡುಗಳನ್ನೂ ನಾನು ತಿರುಗಿ ಕಳಿಸಿದ್ದ ವರದಿಯನ್ನೂ ನೋಡಿದರು.

"ಯಾರು ಕಡಿಮಿ ಮಾಡಿದ್ರಿ ಇದನ್ನ? ಈ ಟಿ.ಎಸ್.ಎಚ್. ಅಂಕಿ ಔಷಧದ್ದಲ್ರಿ. ಮೈಗೆ ಥೈರಾಯ್ಡ್ ಸಾಲದಾಗ ತಲಿಯೊಳಗಿನ ಗ್ರಂಥಿ ಇನ್ನಷ್ಟು ಕೊಡು ಅಂತ ಕೂಗತೈತಿ. ಆ ಕೂಗು ಏರಿದರ ಗುಳಿಗಿ ಹೆಚ್ಚಿಸಬೇಕು. ಹಾಲಿನ ಕೂಡ ನುಂಗಿದರಂತೂ ಮೈಗೆ ಹತ್ತೂದ ಕಡಿಮಿ."

ಗುಳಿಗೆ ಕೊಡುತ್ತಿದ್ದವಳು ಜಿನೇಂದ್ರನ ಹೆಂಡತಿ ಆರತಿ. ಬಾಜೂ ಮನೆಯ ಸೀತವ್ವ ಅವಳತ್ತ ತಿರುಗಿ, "ಅತ್ತಿ ಗುಳಿಗ್ಯಾಗೂ ರೊಕ್ಕ ಉಳಿಸಿದೇನವಾ?" ಎಂದಳು.

ನನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದವಳೇ ಆರತಿ. ಆದರೂ ಅವಳು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಕೈಯಲ್ಲಿದ್ದ ಚಹಾ ಮುಗಿಯುವವರೆಗೆ ಸುಮ್ಮನೆ ಕುಡಿದೆ. ಅದನ್ನು ನೆನೆದರೆ ಇಂದಿಗೂ ತಲೆ ಏಳುವುದಿಲ್ಲ. ಅವಳು ಕಣ್ಣೊರೆಸಿಕೊಂಡು ಬಂದು, "ಮಾಮಾ, ಇನ್ನೊಂದೀಟು ಹಾಕಲ್ರಿ?" ಎಂದಾಗ ಬಟ್ಟಲು ಕೆಳಗಿಟ್ಟೆ.

"ಅರ್ಧ ಮಾಡಂತ ಹೇಳಿದವ ನಾನು."

"ಮಾಸ್ತರು ದೊಡ್ಡವರು. ಸೊಸಿ ಮಾನ ಕಾಯಾಕ ಅನ್ನಾಕತ್ತಾರ" ಎಂದಳು ಸೀತವ್ವ. ನಾಲ್ಕು ಜನ ತಲೆಯಾಡಿಸಿದರು. ಆ ಹೊಗಳಿಕೆ ಮೈ ಸುಟ್ಟಿತು.

"ಆರತಿ, ಆ ಕಾಗದ ತಾ" ಎಂದೆ.

ಚಂಪಾ ಅದನ್ನು ಜಪಮಾಲೆಯ ಪೆಟ್ಟಿಗೆಯಲ್ಲಿಟ್ಟಿದ್ದಳಂತೆ. ತರಗತಿಯಲ್ಲಿ ಪಾಠ ಓದಿದ ದನಿಯಲ್ಲೇ ಎಲ್ಲರ ಮುಂದೆ ಅದನ್ನು ಓದಿದೆ, ಕೆಳಗಿದ್ದ ನನ್ನ ಸಹಿಯವರೆಗೆ. ಜಿನೇಂದ್ರ ಎದ್ದು ಹೊರಗೆ ಹೋದ. ಸೀತವ್ವ ಸೆರಗಿನ ತುದಿ ಬಾಯಿಗೆ ಹಿಡಿದಳು.

ಜಿನದೇವಾ, ನೇಮ ಅವಳದು. ಅದರ ಪುಣ್ಯ ಅವಳಿಗಿರಲಿ. ಅಜ್ಞಾನ ನನ್ನದು, ಅದರ ಕರ್ಮ ನನ್ನೊಬ್ಬನನ್ನೇ ಹತ್ತಲಿ. ಚಂಪಾಳ ಆತ್ಮಕ್ಕೆ ಸದ್ಗತಿಯಾಗಲಿ, ಶಾಂತಿ ದೊರೆಯಲಿ.