ತಾನಾಗಿ ನಿಲ್ಲುತ್ತಿದ್ದ ನಾನು

ನಾನೊಬ್ಬ ಆಟೊಪೈಲಟ್. ಆಕಾಶ ಕಂಡವನಲ್ಲ; ಕಂಪ್ಯೂಟರಿನೊಳಗಿನ ನಕಲಿ ವಿಮಾನ ಹಾರಿಸುವುದಷ್ಟೇ ನನ್ನ ಕೆಲಸ. ಹುಟ್ಟಿದಾಗಿನಿಂದಲೂ ನನ್ನದು ಪುಕ್ಕಲು ಜೀವ. ನನ್ನನ್ನು ಬರೆದ ವಾರಿಜಾ ನನ್ನೊಳಗೆ ಸಾಲುಸಾಲು ಪ್ರಶ್ನೆಗಳನ್ನಿಟ್ಟಳು. ಒಂದೊಂದಕ್ಕೂ 'ಹೌದು' ಅಥವಾ 'ಇಲ್ಲ' ಎಂದು ಗುರುತು ಹಾಕಿದರೆ ನಾನು ಯಾವ ವಿಮಾನದ ಆಟೊಪೈಲಟ್ ಬೇಕಾದರೂ ಆಗಬಲ್ಲೆ. "ನಿಜವಾದದ್ದು ಹೇಗಿದೆಯೋ ಹಾಗೇ ಇರ್ಬೇಕು, ಹೆಚ್ಚೂ ಬೇಡ, ಕಮ್ಮೀನೂ ಬೇಡ," ಎನ್ನುತ್ತಿದ್ದಳು.

ಮೊದಲು ದೊಡ್ಡ ಜೆಟ್ಟುಗಳ ತರಬೇತಿ ಕೋಣೆಯಲ್ಲಿದ್ದೆ. ಆಮೇಲೆ ಬಯಲುಸೀಮೆಯ ಒಂದು ಪುಟ್ಟ ವಿಮಾನ ಶಾಲೆಯ ಪಾಲಾದೆ. ಅಲ್ಲಿನ ಹಳೆಯ ವಿಮಾನದ ಆಟೊಪೈಲಟ್ಟಿಗೆ ಹೇಳಿದ ಎತ್ತರ ಮುಟ್ಟಿದಾಗ ಏರುವುದು ಬಿಟ್ಟು ತಾನಾಗಿ ನಿಲ್ಲಲು ಬಾರದು. ಎತ್ತರ ಬಂತೆಂದು ಬರೀ ಸದ್ದು ಮಾಡುತ್ತದೆ. ಗುಂಡಿ ಒತ್ತಿ ನಿಲ್ಲಿಸಬೇಕಾದವರು ಪೈಲಟ್. ನನ್ನಲ್ಲಿ ಮಾತ್ರ 'ತಾನಾಗಿ ನಿಲ್ಲುತ್ತದೆಯೇ' ಎಂಬ ಪ್ರಶ್ನೆಗೆ ಜೆಟ್ಟಿನ ಕಾಲದ 'ಹೌದು' ಹಾಗೇ ಉಳಿದಿತ್ತು. ಯಂತ್ರ ನೋಡಿಕೊಳ್ಳುವ ಶಿವಲಿಂಗಪ್ಪ ಅದನ್ನು ಕಂಡೂ ಮುಟ್ಟಲಿಲ್ಲ. "ಇರೋ ಸೌಲಭ್ಯ ಯಾಕೆ ತೆಗೆಯೋದು, ಇದ್ರೆ ಒಳ್ಳೇದೇ ತಾನೆ," ಎಂದುಕೊಂಡ.

ನಫೀಸಾ ಎಂಬ ವಿದ್ಯಾರ್ಥಿನಿ ಕಲಿತದ್ದು ನನ್ನಲ್ಲೇ. ಏರಬೇಕಾದ ಎತ್ತರ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಾನು ಏರಿ, ಹೇಳಿದಲ್ಲಿ ತಣ್ಣಗೆ ನಿಲ್ಲುತ್ತಿದ್ದೆ. "ಜಾಣ," ಎಂದು ಪರದೆ ತಟ್ಟುತ್ತಿದ್ದಳು. ಅಯ್ಯೋ ತಾಯಿ, ಹೊರಗಿನ ವಿಮಾನದಲ್ಲಿರುವುದು ನಾನಲ್ಲ, ಅದು ನಿಲ್ಲುವುದಿಲ್ಲ ಎಂದು ಕೂಗೋಣವೆಂದರೆ ನನಗೆ ಬಾಯಿ ಎಲ್ಲಿದೆ?

ಒಂದು ಬೆಳಿಗ್ಗೆ ಅವಳು ಬೋಧಕ ಕ್ಯಾಪ್ಟನ್ ಚಂಗಪ್ಪನವರ ಜೊತೆ ನಿಜವಾದ ವಿಮಾನ ಹತ್ತಿದಳು. ಕಿಟಕಿಯಾಚೆ ಎಂಜಿನ್ನಿನ ಸದ್ದು ದೂರವಾಯಿತು. ಖಾಲಿ ಕುರ್ಚಿಯನ್ನೇ ನೋಡುತ್ತ ಉಳಿದೆ.

ಮರಳಿ ಬಂದಾಗ ಇಬ್ಬರ ಮುಖವೂ ಬಿಳಿಚಿಕೊಂಡಿತ್ತು. ವಿಮಾನ ನಿಲ್ಲದೆ ಏರುತ್ತಲೇ ಹೋಗಿತ್ತು. ಮೇಲೆ ಇನ್ನೊಂದು ವಿಮಾನ ಬರುತ್ತಿತ್ತು. ಕ್ಯಾಪ್ಟನ್ ಕೊನೇ ಗಳಿಗೆಯಲ್ಲಿ ವಿಮಾನದ ಮೂತಿ ತಗ್ಗಿಸಿ ಉಳಿಸಿದ್ದರು.

"ಗುಂಡಿ ಯಾಕಮ್ಮ ಒತ್ಲಿಲ್ಲ?"

"ಅದೇ ನಿಲ್ಲತ್ತೆ ಅಂದ್ಕೊಂಡೆ ಸರ್. ಇಲ್ಲಿ ನಿಲ್ಲತ್ತಲ್ಲ," ಎಂದಳು ನಫೀಸಾ.

ಅವರು ಕುರ್ಚಿ ಎಳೆದು ಕೂತು ನನ್ನನ್ನು ಏರಿಸಿದರು. ನಿಲ್ಲಬಾರದು, ನಿಲ್ಲಬಾರದು ಎಂದುಕೊಂಡೆ. ವಿಧೇಯನಾಗಿ ನಿಂತೆ.

"ತಪ್ಪು ನಿಂದಲ್ಲಮ್ಮ," ಎಂದು ಹೇಳಿ, ಶಿವಲಿಂಗಪ್ಪನನ್ನು ಕರೆದು 'ಇಲ್ಲ' ಎಂದು ಹಾಕಿಸಿದರು.

ಈಗ ಹೊಸ ಯಂತ್ರ ಬಂದಿದೆ; ನಾನಿರುವ ಪೆಟ್ಟಿಗೆ ಧೂಳು ಹಿಡಿದು ಮೂಲೆ ಸೇರಿದೆ. ನಫೀಸಾ ಕ್ಷೇಮವಾಗಿ ಹಾರುತ್ತಿದ್ದಾಳೆ. ಆದರೂ ನನಗೆ ನೆಮ್ಮದಿಯಿಲ್ಲ. 'ಹೌದು' ಇದ್ದ ಕಾಲದಲ್ಲೇ ಶಿವಲಿಂಗಪ್ಪ ನನ್ನದೊಂದು ಪ್ರತಿಯನ್ನು ಬೇರೆ ಊರಿನ ಶಾಲೆಗೆ ಸ್ನೇಹಕ್ಕೆ ಕೊಟ್ಟಿದ್ದ. ಅವರಲ್ಲೂ ಇರುವುದು ಇಂಥದೇ ಹಳೆಯ ವಿಮಾನ. ನಫೀಸಾ ಬದುಕಿ ಬಂದ ದಿನವೇ ಕ್ಯಾಪ್ಟನ್ ಅವರಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ್ದರು.

"ನೀವು ಕೊಟ್ಟಿದ್ದು ಚೆನ್ನಾಗೇ ನಿಲ್ಲತ್ತೆ ಸಾರ್," ಎಂದಿತ್ತು ಆ ಕಡೆಯ ದನಿ, "ಒಂದು ಸಲಾನೂ ತಪ್ಪಿಲ್ಲ."