ಕಟ್ಟೆ ಏರಿದ ಕಲ್ಲು

ನಾನು ಒಂದು ಕಲ್ಲು. ದೇವರ ಕಲ್ಲಲ್ಲ, ವೀರಗಲ್ಲೂ ಅಲ್ಲ. ಊರ ಹಿಂದಿನ ಗುಡ್ಡದಿಂದ ನನ್ನನ್ನು ಸೀಳಿ ತೆಗೆದು ಹೊಳೆಯ ದಂಡೆಯಲ್ಲಿ ನೆಟ್ಟದ್ದು ದೋಣಿ ಕಟ್ಟುವುದಕ್ಕೆ. ಹಗ್ಗ ಉಜ್ಜಿ ಉಜ್ಜಿ ನನ್ನ ಕುತ್ತಿಗೆ ಸವೆಯಿತು. ಸೇತುವೆ ಬಂದ ಮೇಲೆ ದೋಣಿ ಹೋಯಿತು, ಅಂಬಿಗರೂ ಹೋದರು. ನಾನು ಎಲ್ಲಿಗೆ ಹೋಗಲಿ? ಎಮ್ಮೆಗಳು ಮೈ ಉಜ್ಜಿಕೊಳ್ಳಲು ಉಳಿದೆ.

ನನಗೆ ಮಾನ ಬಂದದ್ದು ಒಂದು ದೊಡ್ಡ ಪ್ರವಾಹ ಬಂದು ಹೋದ ಮೇಲೆ. ದಂಡೆಗೆ ಹತ್ತಿರದಲ್ಲೇ ಮಗ್ಗದ ಓಣಿ. ಅಲ್ಲಿ ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾರೆ. ಹೊಳೆಯ ನೀರು ಮೊದಲು ತುಂಬುವುದು ಆ ಕುಣಿಗಳನ್ನೇ. ಅದಕ್ಕೆ ಓಣಿಯ ಹಿರಿಯರು ನನ್ನ ಮೈಮೇಲೆ ಒಂದು ಗೆರೆ ಕೊರೆಸಿದರು. ನೀರು ಗೆರೆ ಮುಟ್ಟಿತೆಂದರೆ ಹಾಸು ಕತ್ತರಿಸಿಕೊಂಡು ಮೇಲಿನ ಶಾಲೆಗೆ ನಡೆಯಬೇಕು ಎಂದು ಮಾತಾಯಿತು.

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲು. ಕತ್ತರಿಸಿದರೆ ನೂಲು ಕೈಗೆ ಉಳಿಯುತ್ತದೆ, ಆದರೆ ಅರ್ಧ ನೇಯ್ದ ಸೀರೆಯ ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ಯಾರೂ ಸುಮ್ಮಸುಮ್ಮನೆ ಕತ್ತರಿಸುವುದಿಲ್ಲ. ಪುರಸಭೆಯ ಆಟೋ ಮೈಕು ಹಚ್ಚಿ "ಮನೆ ಖಾಲಿ ಮಾಡಿ" ಎಂದು ಮಳೆಗಾಲವಿಡೀ ಕೂಗುತ್ತದೆ. ಕೂಗಿ ಕೂಗಿ ಅದರ ಮಾತಿಗೆ ಬೆಲೆಯಿಲ್ಲ. ಓಣಿ ನಂಬಿದ್ದು ನನ್ನನ್ನು, ಮತ್ತು ನಾನು ಯಾವತ್ತೂ ಮೋಸ ಮಾಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನಂಬಿದವಳು ಶಾಕವ್ವ. ಓಣಿಯ ಕೊನೆಯ ತಗ್ಗಿನ ಮನೆ ಅವಳದು. ಗಂಡ ತೀರಿದ ಮೇಲೆ ಒಂದೇ ಮಗ್ಗದ ಮೇಲೆ ಅವಳ ಬದುಕು. ಹೊಳೆಗೆ ಬಂದಾಗಲೆಲ್ಲ ಸೊಂಟದ ಮಟ್ಟಕ್ಕಿದ್ದ ನನ್ನ ಗೆರೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. "ನೀ ಅದಿ ಅಂತ ನಾ ನಿದ್ದಿ ಮಾಡ್ತೀನಿ ನೋಡಪಾ" ಅನ್ನುವಳು. ಅಷ್ಟು ಕೇಳಿದರೆ ನನ್ನಂಥ ಒರಟನಿಗೂ ಸಂತೋಷವಾಗುತ್ತಿತ್ತು.

ಮುಂದೆ ಇನ್ನೊಂದು ಪ್ರವಾಹ ಬಂತು. ನೀರು ಗೆರೆ ಮುಟ್ಟಿದ ಕೂಡಲೇ ಓಣಿ ಖಾಲಿಯಾಯಿತು. ಜೀವ ಉಳಿಯಿತು, ಮಗ್ಗಗಳು ಹೋದವು. ಆಗ ಪುರಸಭೆ ಮಾಡಿದ ಉಪಕಾರವನ್ನು ನಾನು ಮುಚ್ಚಿಡುವುದಿಲ್ಲ. ಬಿದ್ದ ಗೋಡೆ ಎಬ್ಬಿಸಿಕೊಟ್ಟರು, ಹೊಸ ಮಗ್ಗ ಕೊಟ್ಟರು. ಶಾಕವ್ವನ ಮನೆಯಲ್ಲಿ ಮತ್ತೆ ಲಾಳಿ ಓಡಿತು.

ಅಲ್ಲಿಗೇ ನಿಂತಿದ್ದರೆ ಸಾಕಿತ್ತು. ಪುನರ್ವಸತಿಯ ಬೆನ್ನಿಗೆ, ಊರು ಹಸಿರಾಗಬೇಕೆಂಬ ಹವಾಮಾನದ ಗುರಿ ಎಂಬುದೊಂದು ಬಂತು. ದಂಡೆಗೆ ಹಸಿರು ಉದ್ಯಾನ, ಸೌರದೀಪ, ಕೂರಲು ಬೆಂಚು. ಹುಲ್ಲು ಕೂಡ ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡು ಲಾರಿಯಲ್ಲಿ ಬಂತು. ಕೆಲಸ ನೋಡುತ್ತಿದ್ದ ಎಂಜಿನಿಯರ್ ಮುರಗೋಡರ ಕಣ್ಣು ನನ್ನ ಮೇಲೆ ಬಿತ್ತು.

"ಇಂಥಾ ಕಲ್ಲು ಕೆಸರಾಗ ನಿಂತ್ರ ಚಂದ ಕಾಣೂದಿಲ್ಲ. ಒಂದು ಕಟ್ಟಿ ಕಟ್ಟಿ ಮ್ಯಾಲ ಏರಸ್ರಿ" ಎಂದರು.

ಕುರಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ. ನನ್ನನ್ನು ಕಿತ್ತು, ಅದೇ ಜಾಗದಲ್ಲಿ ಮೊಣಕಾಲೆತ್ತರದ ಗ್ರಾನೈಟ್ ಕಟ್ಟೆ ಕಟ್ಟಿ, ಮೇಲೆ ನಿಲ್ಲಿಸಿದರು. ನನ್ನ ಜೊತೆಗೆ ನನ್ನ ಗೆರೆಯೂ ಅಷ್ಟೇ ಮೇಲೆ ಹೋಯಿತು. ಇದು ಸಾಹೇಬರ ತಲೆಗೂ ಬರಲಿಲ್ಲ, ಓಣಿಯವರ ತಲೆಗೂ ಬರಲಿಲ್ಲ. ತಮ್ಮ ಕಲ್ಲಿಗೆ ಮರ್ಯಾದೆ ಸಿಕ್ಕಿತೆಂದು ಅವರು ಹಾರ ತಂದರು. ಶಾಕವ್ವ ಕಟ್ಟೆ ಹತ್ತಿ ಬಂದು ಗೆರೆ ಮುಟ್ಟಿದಳು. ಕಟ್ಟೆಯ ಮೇಲೆ ನಿಂತವಳಿಗೆ ಅದು ಎಂದಿನಂತೆ ಸೊಂಟದ ಮಟ್ಟಕ್ಕೇ ಇತ್ತು. ಇನ್ನು ಮುಂದೆ ಈ ಗೆರೆಯೇ ಪುರಸಭೆಗೂ ಪ್ರವಾಹದ ಗುರುತು ಎಂದು ಪುರಸಭೆಯ ಅಧ್ಯಕ್ಷರು ಉದ್ಯಾನದ ಉದ್ಘಾಟನೆಯ ಭಾಷಣದಲ್ಲಿ ಸಾರಿದರು. ಚಪ್ಪಾಳೆ ಬಿತ್ತು. ಬಾಯಿದ್ದಿದ್ದರೆ ನಾನು ಬೊಬ್ಬೆ ಹೊಡೆಯುತ್ತಿದ್ದೆ.

ಮರುವರ್ಷವೇ ಹೊಳೆ ಉಕ್ಕಿತು. ಮಧ್ಯಾಹ್ನ ಶಾಕವ್ವ ಪಕ್ಕದ ಮನೆಯ ರುದ್ರವ್ವನ ಜೊತೆ ಬಂದು ಓಣಿಯ ತುದಿಯಿಂದಲೇ ನನ್ನನ್ನು ನೋಡಿದಳು.

"ಹಾಸು ಕತ್ತರಸೂನೇನ್ ಅಕ್ಕಾ?" ಎಂದಳು ರುದ್ರವ್ವ.

"ಬ್ಯಾಡ. ನೀರು ಗೆರಿಗಿಂತ ಭಾಳ ಕೆಳಗ ಐತಿ. ನನ್ನ ಸೆರಗು ಇನ್ನೊಂದು ಗೇಣು ಉಳದೈತಿ, ಮುಗಿಸೇಬಿಡ್ತೀನಿ."

ಅವಳು ಹೋಗಿ ಕುಣಿಯಲ್ಲಿ ಕಾಲಿಟ್ಟು ಕೂತಳು. ನನ್ನ ಗೆರೆ ಇನ್ನೂ ಒಣಗಿರುವಾಗಲೇ ನೀರು ಚರಂಡಿ ಹಿಡಿದು ಓಣಿಗೆ ನುಗ್ಗಿತು. ಅಕ್ಕಪಕ್ಕದವರು ಅವಳ ತೋಳು ಹಿಡಿದು ಎಳೆದು ತಂದರು. ಅವಳು ಹೊರಬೀಳುವುದಕ್ಕೂ ಗೋಡೆ ಕುಸಿಯುವುದಕ್ಕೂ ಸರಿಹೋಯಿತು. ಮಗ್ಗ, ಸೀರೆ, ಎಲ್ಲವೂ ಅದರಡಿ ಹೋದವು.

ನೀರು ಇಳಿದ ಮೇಲೆ ಹಾನಿ ನೋಡಲು ಮುರಗೋಡರು ಬಂದರು. ಮನೆಗಳಿಗೆ ಹೋಗಲಿಲ್ಲ, ಮೊದಲು ನನ್ನ ಹತ್ತಿರ ಬಂದರು. ಕೆಸರಿನ ಕಲೆ ಗೆರೆಗಿಂತ ಕೆಳಗೇ ನಿಂತಿತ್ತು. ಹಿಂದೆಯೇ ಬಂದ ಶಾಕವ್ವನಿಗೆ ಅದನ್ನು ತೋರಿಸಿದರು.

"ನೋಡವ್ವಾ, ನೀರು ಗೆರಿ ಮುಟ್ಟಿಲ್ಲ. ಪ್ರವಾಹ ಅಂತ ನಾ ಹೆಂಗ ಬರೀಲಿ? ಪ್ರವಾಹ ಇಲ್ಲಂದ್ರ ಪರಿಹಾರ ಇಲ್ಲ."

"ಸಾಹೇಬ್ರ, ನನ್ನ ಮನೀನ ಬಿದ್ದೈತ್ರಿ."

"ಮಣ್ಣಿನ ಗ್ವಾಡಿ ಮಳಿಗೂ ಬೀಳ್ತಾವು."

ಶಾಕವ್ವ ಕಟ್ಟೆಯ ಕೆಳಗೆ ಕೆಸರಿನಲ್ಲಿ ನಿಂತು ನನ್ನನ್ನೇ ನೋಡಿದಳು. ಕೈ ಚಾಚಿದಳು. ಗೆರೆ ಅವಳ ಎದೆಯ ಮಟ್ಟಕ್ಕಿತ್ತು. ಇನ್ನೊಂದು ಕೈಯನ್ನು ತನ್ನ ಸೊಂಟದ ಮೇಲಿಟ್ಟು ಅಳೆದಳು.

"ಸೊಂಟಕ್ಕಿದ್ದ ಗೆರಿ ಎದಿಗೆ ಹೆಂಗ ಬಂತ್ರಿ?" ಎಂದಳು.

ಮುರಗೋಡರು ನನ್ನನ್ನು ನೋಡಿದರು, ಕಟ್ಟೆಯನ್ನು ನೋಡಿದರು. ಅವರಿಗೆ ತಿಳಿಯಿತು. ತಿಳಿದದ್ದು ಅವರ ಮುಖದಲ್ಲಿ ನನಗೆ ಚೆನ್ನಾಗಿ ಕಂಡಿತು. "ಕಟ್ಟಿ ಮಂಜೂರಾದ ಕೆಲಸ. ಅದರ ಸುದ್ದಿ ಈಗ ಬ್ಯಾಡ" ಎಂದು ಜೀಪು ಹತ್ತಿದರು.

ನನ್ನನ್ನು ಕೆಳಗಿಳಿಸಿ ಎಂದು ಓಣಿಯವರು ಪುರಸಭೆಗೆ ಹೋಗಿ ಕೇಳಿಕೊಂಡರು. ಕಟ್ಟೆ ಒಡೆದರೆ ತಪ್ಪು ಒಪ್ಪಿಕೊಂಡ ಹಾಗೆ. ಯಾರು ಒಡೆಯುತ್ತಾರೆ? ಅದೇ ವರ್ಷ ಉದ್ಯಾನಕ್ಕೆ ಪ್ರಶಸ್ತಿ ಬಂತು. ಬೇರೆ ಊರಿನ ಪುರಸಭೆಗಳ ಸದಸ್ಯರು ಬಸ್ಸು ಮಾಡಿಕೊಂಡು ಬಂದು ನನ್ನ ಪಕ್ಕದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ನಮ್ಮಲ್ಲೂ ಹೀಗೇ ಮಾಡಬೇಕು ಎನ್ನುತ್ತಾರೆ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಾಕವ್ವ ಈಗ ಬೇರೆಯವರ ಮನೆಯಲ್ಲಿ ಕೂಲಿಗೆ ನೂಲು ಸುತ್ತುತ್ತಾಳೆ. ಈ ದಾರಿಯಲ್ಲಿ ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಾಳೆ.

ನಾನು ಸುಳ್ಳು ಹೇಳಲಿಲ್ಲ, ನನ್ನಿಂದ ಹೇಳಿಸಿದರು. ಈ ಮಾತನ್ನು ಅವಳಿಗೆ ಹೇಗೆ ತಿಳಿಸಲಿ? ಮತ್ತೆ ಮೋಡ ಕಟ್ಟುತ್ತಿದೆ. ಆಟೋದ ಕೂಗನ್ನು ಓಣಿ ಮೊದಲೇ ನಂಬುತ್ತಿರಲಿಲ್ಲ. ಈಗ ನನ್ನನ್ನೂ ನಂಬುವುದಿಲ್ಲ.