ಹುಳುಮನೆಯ ಹೊಸ್ತಿಲು

ರೇಷ್ಮೆ ಹುಳು ಸಾಕುವುದನ್ನು ಇನ್ನಷ್ಟು ಚೆನ್ನಾಗಿ ಕಲಿತು ಬರಲೆಂದು ಸರ್ಕಾರ ಜಪಾನಿಗೆ ಆರಿಸಿದ ಅಶ್ವತ್ಥಪ್ಪ ಹುಟ್ಟಿ ಬೆಳೆದದ್ದು ಹುಳುಗಳ ನಡುವೆಯೇ. ಆದರೆ ಒಂದು ಹುಳುವನ್ನೂ ಕೈಯಲ್ಲಿ ಹಿಡಿದವನಲ್ಲ. ಶ್ರೀನಿವಾಸಪುರದ ಪಕ್ಕದ ಅವನ ಊರಿಗೆಲ್ಲ ಈ ಸಂಗತಿ ಗೊತ್ತಿತ್ತು, ಆಯ್ಕೆ ಸಮಿತಿಗೊಂದು ಬಿಟ್ಟು. ಕೋಲಾರದ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದ್ದ ಅವನು, ಎಂಬತ್ತಮೂರರಲ್ಲಿ ಅರ್ಜಿ ಕರೆದಾಗ ಜಗಲಿಯ ಮೇಲೆ ಕೂತು, ಒಳಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ತಾಯಿ ಗಂಗರತ್ನಮ್ಮನನ್ನು ಕೇಳಿ ಕೇಳಿ ಆರು ಪುಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದ. ‘ನುರಿತ ಯುವ ರೈತ’ ಎಂದು ಸಮಿತಿ ಮೆಚ್ಚಿಕೊಂಡಿತು. ಹೆಬ್ಬೆಟ್ಟು ಒತ್ತುವ ಗಂಗರತ್ನಮ್ಮನನ್ನೇ ಕಳಿಸಬಹುದೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳ ತಲೆಗೂ ಹೊಳೆಯಲಿಲ್ಲ.

ಆದೇಶದ ಜೊತೆ ಬಂದ ಹಾಳೆಯನ್ನು ಅಶ್ವತ್ಥ ಎರಡೆರಡು ಸಲ ಓದಿದ. ಎಂಟು ತಿಂಗಳು ಅಲ್ಲಿಯ ಒಂದು ರೈತ ಕುಟುಂಬದಲ್ಲಿ ಇಂಟರ್ನ್ ಆಗಿರಬೇಕು. ಮೊದಲ ತಿಂಗಳಲ್ಲೇ ಒಂದು ಬೆಳೆ ಹುಳುವನ್ನು ತಾನೇ ಮೇಯಿಸಿ ತೋರಿಸಬೇಕು. ಕೆಲಸ ಬಾರದವರು ಬಂದ ದಾರಿ ಹಿಡಿಯಬೇಕು.

“ಅಮ್ಮಾ, ಇನ್ನು ಹನ್ನೆರಡು ದಿನ ಐತೆ. ಹೆಂಗಾದ್ರೂ ಕಲಿಸ್ಕೊಡು.”

“ಮೂರನೇ ಜ್ವರ ಎದ್ದವೆ. ಒಳ್ಳೆ ಕಾಲಕ್ಕೇ ಕೇಳ್ದೆ. ನಾಳೆ ಮಿಂದು ಒಳಕ್ಕೆ ಬಾ,” ಅಂದಳು ಗಂಗರತ್ನಮ್ಮ. ಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ.

ಹುಳು ಇರುವಷ್ಟು ದಿನ ಆ ಮನೆಯಲ್ಲಿ ಒಗ್ಗರಣೆ ಚುರ್ ಎನ್ನುವಂತಿಲ್ಲ. ಊದುಬತ್ತಿ, ಬೀಡಿ, ಮಲ್ಲಿಗೆ ಯಾವುದೂ ಹೊಸ್ತಿಲು ದಾಟುವಂತಿಲ್ಲ. ವಾಸನೆ ತಾಕಿದರೆ ಹುಳು ಮೇವು ಬಿಡುತ್ತದೆಂದು ಗಂಗರತ್ನಮ್ಮನಿಗೆ ಅವಳ ಅತ್ತೆ ಕಲಿಸಿದ್ದರು. ಅತ್ತೆ ತೀರಿಕೊಂಡು ಹದಿನೆಂಟು ವರ್ಷವಾದರೂ ಸೊಸೆ ಅದರಲ್ಲಿ ಕೂದಲೆಳೆಯಷ್ಟೂ ಬದಲಿಸಿರಲಿಲ್ಲ.

ಆದರೆ ದೂರ ದೇಶಕ್ಕೆ ಹೊರಟವನನ್ನು ನಂಟರು ಊಟಕ್ಕೆ ಕರೆಯದೆ ಬಿಡುತ್ತಾರೆಯೇ? ಮರುದಿನವೇ ಮುಳಬಾಗಿಲಿನ ಸೋದರತ್ತೆ ಭಾರತಮ್ಮ ನಾಟಿ ಕೋಳಿ ಕೊಯ್ದಳು. ವಾಪಸ್ ಬಂದವನನ್ನು ಗಂಗರತ್ನಮ್ಮ ಹೊಸ್ತಿಲಲ್ಲೇ ತಡೆದು ಮೂಸಿದಳು.

“ಬೆಳ್ಳುಳ್ಳಿ. ಆಚೆ ಇರು.”

ಅದಾದ ಮೇಲೆ ಮಾಲೂರಿನ ದೊಡ್ಡಪ್ಪ, ಟೇಕಲ್ಲಿನ ಚಿಕ್ಕಮ್ಮ. ಒಂದು ದಿನ ಎಲ್ಲೂ ಉಣ್ಣದೆ, ಉಜ್ಜಿ ಉಜ್ಜಿ ಮಿಂದು ಬಂದ.

“ಸೋಪಿನ ವಾಸ್ನೆ ಕಣೋ. ನಡಿ ಆಚೆ.”

ಊರ ಶಾಲೆಯಲ್ಲಿ ಸನ್ಮಾನವಾಯಿತು. ಕೊರಳಿಗೆ ಸುಗಂಧರಾಜದ ಮೂರು ಹಾರ ಬಿದ್ದವು. “ಈ ಹುಡುಗನಿಗೆ ಹುಳುವಿನ ನಾಡಿಮಿಡಿತ ಗೊತ್ತು” ಎಂದು ಹೆಡ್‌ಮಾಸ್ಟರ್ ಚನ್ನರಾಯಪ್ಪ ಮೈಕಿನಲ್ಲಿ ಹೊಗಳಿದರು. ಆ ಮಾತು ಕೇಳಿ ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ, ಅವನು ಜಗಲಿಯ ಮೇಲೆ ಮಲಗುವುದನ್ನು ದಿನವೂ ನೋಡುತ್ತಿದ್ದವರು. ಅಶ್ವತ್ಥನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಹಾರ ಬಿಚ್ಚಿಟ್ಟು ಬಂದರೂ ಅಮ್ಮ ಒಳಗೆ ಬಿಡಲಿಲ್ಲ.

ಹೊರಡುವ ಮುನ್ನಾದಿನ ಬರೀ ಮುದ್ದೆ, ಮೊಸರು ಉಂಡ. ಸೋಪಿಲ್ಲದೆ ತಣ್ಣೀರು ಸುರಿದುಕೊಂಡ. ಅಮ್ಮ ಮೂಸಿ ನೋಡಿ, “ಬಾ, ಹುಳ ಹಣ್ಣಾಗಕ್ಕೆ ಶುರುವಾಗವೆ,” ಎಂದಳು. ಅವನು ಒಂದು ಕಾಲು ಎತ್ತಿದ್ದ, ಅಷ್ಟೆ. ಇಪ್ಪತ್ತು ವರ್ಷದಿಂದ ಆ ಮನೆಯ ಗೂಡು ಕೊಂಡು ನೂಲು ತೆಗೆಯುತ್ತಿದ್ದ ಸತ್ತಾರ್ ಸಾಬರು ಹಿಂದಿನಿಂದ ಓಡಿ ಬಂದು ತಬ್ಬಿಕೊಂಡರು. “ಖುದಾ ಒಳ್ಳೇದು ಮಾಡ್ಲಿ ಬೇಟಾ!” ಎನ್ನುತ್ತ ಎರಡೂ ಮುಂಗೈಗೆ ಅತ್ತರು ತೀಡಿದರು.

“ಸಾಬ್ರೇ, ನಿಮಗೂ ತಿಳೀಬಾರ್ದಾ?” ಗಂಗರತ್ನಮ್ಮ ತಲೆ ಚಚ್ಚಿಕೊಂಡಳು.

“ಯಾ ಅಲ್ಲಾ! ಖುಷೀಲಿ ಮರ್ತೇ ಹೋಯ್ತು ಕಣಮ್ಮಾ.”

ಬೆಳಗ್ಗೆ ಬಸ್ಸು ಹತ್ತಿಸಲು ಊರೆಲ್ಲ ಹೊರಟಿತು, ಗಂಗರತ್ನಮ್ಮ ಹೊರಡಲಿಲ್ಲ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕಿತ್ತು. ಬಿದಿರಿನ ಆ ತಟ್ಟಿಯ ಸುತ್ತುಗಳಲ್ಲೇ ಅವು ಗೂಡು ಕಟ್ಟುವುದು, ತಡವಾದರೆ ಬೆಳೆಯೇ ಹೋದಂತೆ. ಅಶ್ವತ್ಥ ಹೊಸ್ತಿಲಾಚೆ ನಿಂತು ಸಿಟ್ಟಿನಿಂದ ಕೇಳಿದ: “ನಿಂಗೆ ನನಗಿಂತ ಹುಳಾನೇ ಹೆಚ್ಚಾ?”

“ಹೂಂ ಕಣೋ. ಇದೊಂದು ತಿಂಗಳು ಮಾತ್ರ.”

ಹುಳು ಮುಟ್ಟುವ ಕೈ ಒದ್ದೆಯಾದೀತೆಂದು ಅವಳು ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು. ಅವನು ಅವಳ ಕಾಲು ಮುಟ್ಟುವ ಬದಲು ಹೊಸ್ತಿಲು ಮುಟ್ಟಿ ಹೊರಟ.

ಜಪಾನಿನಲ್ಲಿ ಮೊದಲ ದಿನ ಹೊಸ ಕೋಟು ತೊಟ್ಟು, ಮುಖಕ್ಕೆ ಪೌಡರ್ ಹಚ್ಚಿ ಹುಳುಮನೆಗೆ ಹೋದ. ಬಾಗಿಲಲ್ಲಿ ಆ ರೈತ ಮನೆಯ ಕುಳ್ಳಗಿನ ಮುದುಕಿಯೊಬ್ಬಳು ಅಡ್ಡ ನಿಂತಳು. ಅವನ ಎದೆಯ ಹತ್ತಿರ ಮೂಗು ತಂದು ಮೂಸಿ, ಎರಡೂ ಕೈಯಿಂದ ಆಚೆ ತಳ್ಳಿದಳು. ಜೊತೆಗೆ ಬಂದಿದ್ದ ದುಭಾಷಿ ಪೆಚ್ಚಾಗಿ ಕ್ಷಮೆ ಕೇಳತೊಡಗಿದ. ಅಶ್ವತ್ಥನಿಗೆ ಅವಮಾನವಾಗಲಿಲ್ಲ. ಯಾರೂ ಹೇಳದೆಯೇ ಹೋಗಿ ಸೋಪಿಲ್ಲದೆ ಮಿಂದು, ಹಳೆಯ ಅಂಗಿ ತೊಟ್ಟು ಬಂದ. ಮುದುಕಿ ಮತ್ತೆ ಮೂಸಿದಳು. ಏನೋ ಹೇಳಿ ದಾರಿ ಬಿಟ್ಟಳು.

“ನುರಿತವನೇ ಅಂತಿದ್ದಾರೆ,” ಎಂದ ದುಭಾಷಿ.

ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಉಳಿದದ್ದನ್ನು ಆ ಮುದುಕಿ ಬೈದು ಬೈದು ಕಲಿಸಿದಳು, ಬೆಳೆ ಹೇಗೋ ದಡ ಸೇರಿತು. ಎಲ್ಲವನ್ನೂ ಊರಿಗೆ ಬರೆದ. ಅಪ್ಪ ದೊಡ್ಡಮುನಿಯಪ್ಪನ ಕೈಬರಹದಲ್ಲಿ ಅಮ್ಮನ ಉತ್ತರ ಬಂತು: “ಆಚೆ ತಳ್ಳಿದಳು ಅಂದರೆ ಕೆಲಸ ಬಲ್ಲವಳೇ. ಹೇಳಿದ ಹಾಗೆ ಕೇಳು. ನೀನು ಅಷ್ಟು ದೂರ ಹೋಗಿ ಕಲಿಯೋ ಅಂಥದ್ದನ್ನ ಆಯಮ್ಮ ಯಾವ ಕಾಲೇಜಲ್ಲಿ ಓದಿದಳಂತೆ?”

ಅಶ್ವತ್ಥ ದುಭಾಷಿಯ ಮೂಲಕ ಕೇಳಿಸಿದ. ಮುದುಕಿ ಸೊಪ್ಪು ಹೆಚ್ಚುವುದನ್ನು ನಿಲ್ಲಿಸದೆ ಒಂದೇ ಮಾತು ಹೇಳಿದಳು.

“ಅತ್ತೆ ಕಲಿಸಿದರಂತೆ,” ಎಂದ ದುಭಾಷಿ.

ಅದನ್ನು ಅಮ್ಮನಿಗೆ ಬರೆಯಲು ಅಶ್ವತ್ಥನಿಗೆ ನಾಲ್ಕು ದಿನ ಹಿಡಿಯಿತು.